ಎಸೆಯಲಾರದ ಸಂಕಟ

ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರ, ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಊರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದ. ಮರಳಿ ಅಲ್ಲೇ ಸುರಿದು ಬಾ ಎಂದಳು ಲಕ್ಕಮ್ಮ. ಬೇಕಾದ್ದಕ್ಕಿಂತ ಹೆಚ್ಚು ಕೂಡಿಟ್ಟರೆ ಅದು ಆಸೆ ಎಂಬ ತಿಳಿವಳಿಕೆ ಇಲ್ಲಿ ಅಷ್ಟು ಹಳೆಯದು.

ಹಾಗಂತ ಕೂಡಿಡುವುದೆಲ್ಲ ತಪ್ಪಾಗಿರಲಿಲ್ಲ. ಮಳೆ ಕೈಕೊಡುವ ಸೀಮೆಯ ರೈತರು ಹಗೇವು ತೋಡಿ ಜೋಳ ತುಂಬಿಟ್ಟರು, ಬರದಲ್ಲಿ ತೆಗೆದು ಉಂಡರು.

ಆಸೆಯೂ ಅಲ್ಲದ, ಮುಂದಾಲೋಚನೆಯೂ ಅಲ್ಲದ ಮೂರನೆಯದೊಂದಿದೆ. ಹರಿದ ಚೀಲ, ಹಳೆ ಪೇಪರು, ಖಾಲಿ ಡಬ್ಬಿ, ಒಡೆದ ಕೊಡ, ಯಾವುದನ್ನೂ ಎಸೆಯಲಾಗದು. 'ಇರಲಿ ಬಿಡು, ಮುಂದ ಬೇಕಾಗ್ತದ' ಅನ್ನುತ್ತಲೇ ಮಲಗುವ ಜಾಗವೂ ಅಡುಗೆಯ ಜಾಗವೂ ತುಂಬಿಹೋಗುತ್ತವೆ. ಎಸೆಯಲು ಹೋದರೆ ತಡೆಯಲಾರದ ಸಂಕಟ.

ಇದನ್ನು ಕಾಯಿಲೆ ಎಂದು ಒಪ್ಪಲು ವೈದ್ಯಲೋಕ ಬಹಳ ತಡಮಾಡಿತು. 1947ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಮನೆಯಲ್ಲಿ ಹೋಮರ್ ಕಾಲ್ಯರ್ ಸತ್ತು ಸಿಕ್ಕ. ತಮ್ಮ ಲ್ಯಾಂಗ್ಲಿ, ರಾಶಿಬಿದ್ದ ಸಾಮಾನಿನಡಿ ಸಿಕ್ಕಿ, ಕೆಲವೇ ಅಡಿ ದೂರದಲ್ಲಿ ಹೆಣವಾಗಿದ್ದ. ಅವನನ್ನು ಪತ್ತೆಮಾಡಲು ವಾರಗಳೇ ಹಿಡಿದವು. ಮನೆಯಿಂದ ಹೊರತೆಗೆದದ್ದು ನೂರು ಟನ್‌ಗೂ ಹೆಚ್ಚು, ಅದರಲ್ಲಿ ಪಿಯಾನೋಗಳೇ ಹದಿನಾಲ್ಕು. ಜಗತ್ತು ಅವರನ್ನು ವಿಚಿತ್ರ ಮನುಷ್ಯರೆಂದು ನೋಡಿತು. ಆದರೆ ಲ್ಯಾಂಗ್ಲಿ ಪತ್ರಿಕೆಗಳನ್ನು ಕೂಡಿಟ್ಟದ್ದು, ಕುರುಡನಾಗಿದ್ದ ಅಣ್ಣ ಕಣ್ಣು ಬಂದ ಮೇಲೆ ಓದಲಿ ಎಂದು. ಅದನ್ನು ಜಿಪುಣತನ ಎನ್ನಲಾದೀತೆ?

1993ರಲ್ಲಿ ಮನೋವಿಜ್ಞಾನಿ ರ್‍ಯಾಂಡಿ ಫ್ರಾಸ್ಟ್ ಮತ್ತು ರೇಚೆಲ್ ಗ್ರಾಸ್ ಈ ಬಗ್ಗೆ ಗಂಭೀರ ಅಧ್ಯಯನ ಪ್ರಕಟಿಸಿದರು. ಅಲ್ಲಿಯವರೆಗೂ, ಆಮೇಲೆ ಕೆಲಕಾಲವೂ, ಇದನ್ನು ಗೀಳು ರೋಗದ ಒಂದು ರೂಪವೆಂದೇ ಎಣಿಸುತ್ತಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯೂ, 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಇದಕ್ಕೆ ಪ್ರತ್ಯೇಕ ಜಾಗ ಕೊಟ್ಟವು. ಹರೆಯದಲ್ಲೇ ಮೊಳೆಯುವ ಈ ತೊಂದರೆ ವಯಸ್ಸಾದಂತೆ ಬಿಗಿಯಾಗುತ್ತದೆ. ಮನೆಯವರ ಸಾವಿನಂಥ ಆಘಾತ ಅದನ್ನು ಇನ್ನಷ್ಟು ಕೆರಳಿಸಬಹುದು.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದು ಒಂದೇ: ಕೂಡಿಡುವವರು ಊರಿಗೆ ಹೋದಾಗ ಮಕ್ಕಳು ಎಲ್ಲವನ್ನೂ ಗುಜರಿಗೆ ಹಾಕುತ್ತಾರೆ. ನಂಬಿಕೆ ಮುರಿಯುತ್ತದೆ, ಮನೆ ಮತ್ತೆ ತುಂಬುತ್ತದೆ. ಫಲ ಕೊಡುವುದು ಮಾತಿನ ಚಿಕಿತ್ಸೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ರೋಗಿಯೇ ನಿರ್ಧರಿಸುವುದನ್ನು ನಿಧಾನವಾಗಿ ಕಲಿಸಬೇಕು. ಖಿನ್ನತೆ ಜೊತೆಗಿದ್ದರೆ ಔಷಧಿಯೂ ಬೇಕಾಗಬಹುದು.

ಈ ನೆರವಿಗೆ ರಾಯಚೂರಿನವರು ದೂರ ಹೋಗಬೇಕಿಲ್ಲ. ಹಳ್ಳಿಗಳಿಗೆ ಮನೋವೈದ್ಯಕೀಯ ತಲುಪಿಸುವ ದೇಶದ ಮಾದರಿಯನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ್ದು ಪಕ್ಕದ ಬಳ್ಳಾರಿಯಲ್ಲೇ. ಇಂದು ರಾಯಚೂರಿನಲ್ಲೇ ರಿಮ್ಸ್ ಆಸ್ಪತ್ರೆ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮನೆ ತುಂಬಿಸಿಕೊಂಡವರು ತಾವಾಗಿ ಕರೆ ಮಾಡುವುದು ಅಪರೂಪ. ಮೊದಲ ಕರೆಯನ್ನು ಮಗಳೋ ಸೊಸೆಯೋ ಮಾಡಬಹುದು.