ಸುದ್ದಿಗೆ ಕಾಸು ಹಾಕೋರು ಯಾರು?

(ತುಮಕೂರಿನ ಶಿರಾ ಗೇಟಿನಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಟೀ ಅಂಗಡಿಗೆ ಬಂದ ಒಂದು ಪೇಪರು ನಾಲ್ಕು ಹಾಳೆಯಾಗಿ ನಾಲ್ಕು ಬೆಂಚಿಗೆ ಹೋಗೋದು ನಮಗೆಲ್ಲ ಗೊತ್ತು. ಇಂಗ್ಲೆಂಡಿನ ಕೂಲಿಕಾರರೂ ಒಂದು ಕಾಲಕ್ಕೆ ಹೀಗೇ ಓದಿದವರು. ಒಬ್ಬ ಓದಿದರೆ ಹತ್ತು ಜನ ಕೇಳೋರು. ಅದಕ್ಕೆ ಬರೀ ಬಡತನ ಕಾರಣವಲ್ಲ, ಆಳುವವರ ಹುನ್ನಾರವೂ ಇತ್ತು.

1712ರಲ್ಲಿ ಅಲ್ಲಿನ ಸರ್ಕಾರ ಪತ್ರಿಕೆಗಳ ಮೇಲೆ ಸ್ಟಾಂಪು ತೆರಿಗೆ ಹಾಕಿತು. 1815ರ ಹೊತ್ತಿಗೆ ಅದು ಒಂದೊಂದು ಪ್ರತಿಗೂ 4 ಪೆನ್ನಿಗೆ ಏರಿತು. ಕೂಲಿಯವನ ಕೈಗೆ ಸುದ್ದಿ ಎಟುಕಬಾರದು, ಎಟುಕಿದರೆ ಪ್ರಶ್ನೆ ಕೇಳ್ತಾನೆ ಅನ್ನೋ ಭಯ. 1831ರಲ್ಲಿ ಹೆನ್ರಿ ಹೆದರಿಂಗ್ಟನ್ ಆ ತೆರಿಗೆ ಕಟ್ಟದೆಯೇ 'ಪೂರ್ ಮ್ಯಾನ್ಸ್ ಗಾರ್ಡಿಯನ್', ಅಂದರೆ ಬಡವರ ಕಾವಲುಗಾರ ಅನ್ನೋ ಪತ್ರಿಕೆಯನ್ನ 1 ಪೆನ್ನಿಗೆ ಮಾರಿದ. ಅವನೂ ಜೈಲು ಕಂಡ, ಇಂಥ ಪತ್ರಿಕೆಗಳನ್ನ ಬೀದಿಯಲ್ಲಿ ಮಾರಿದ ನೂರಾರು ಜನರೂ ಜೈಲು ಕಂಡರು. 1836ರಲ್ಲಿ ತೆರಿಗೆ 1 ಪೆನ್ನಿಗೆ ಇಳಿಯಿತು, 1855ರಲ್ಲಿ ಹೋಯಿತು.

ಹಾಗಂತ ಪತ್ರಿಕೆ ಬಡವರದಾಯಿತೇ? ಇಲ್ಲ. 1896ರಲ್ಲಿ ಹಾರ್ಮ್ಸ್‌ವರ್ತ್ 'ಡೈಲಿ ಮೇಲ್' ಅನ್ನು ಅರ್ಧ ಪೆನ್ನಿಗೇ ಕೊಟ್ಟ. ಲಕ್ಷಾಂತರ ಜನ ಕೊಂಡರು. ಮಿಕ್ಕ ಖರ್ಚು ತುಂಬಿದ್ದು ಜಾಹೀರಾತು. ಓದುವವನು ಬಡವ, ಒಡೆಯ ಸಾಹುಕಾರ. ತೆರಿಗೆಯ ಬೀಗ ತೆಗೆದರು, ಬೀಗದ ಕೈ ಮಾತ್ರ ನಮ್ಮಂಥವರಿಗೆ ಸಿಗಲಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಬಂತು. ತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಆದರೆ ಅದನ್ನು ಓದೋಕೆ ನಮ್ಮ ತಾತ ಮುತ್ತಾತಂದಿರು ಯಾವ ಶಾಲೆಗೆ ಹೋಗಬೇಕಿತ್ತು? ಇಂಗ್ಲೆಂಡಿನ ಕೂಲಿಯವನಿಗೆ 4 ಪೆನ್ನಿ ಅಡ್ಡ ಬಂದರೆ, ನಮಗೆ ಶಾಲೆಯ ಹೊಸಿಲೇ ಅಡ್ಡ ಬಂತು.

ಇಲ್ಲಿ ದುಡ್ಡು ಕೊಟ್ಟರೂ ಬಾಗಿಲು ತೆರೀತಿರಲಿಲ್ಲ. 1920ರ ಜನವರಿ 31ರಂದು ಬಾಬಾಸಾಹೇಬರು ಮುಂಬಯಿಯಲ್ಲಿ 'ಮೂಕನಾಯಕ' ಶುರು ಮಾಡಿದರು. ಶಾಹು ಮಹಾರಾಜರು 2500 ರೂಪಾಯಿ ನೆರವು ಕೊಟ್ಟರು. ಆ ಪತ್ರಿಕೆಯ ಜಾಹೀರಾತನ್ನ ಕಾಸು ಕೊಡ್ತೀವಿ ಅಂದರೂ 'ಕೇಸರಿ' ಹಾಕಲಿಲ್ಲ. ಜಾತಿ ಅನ್ನೋದು ಯಾವ ಪಾರ್ಲಿಮೆಂಟೂ ರದ್ದು ಮಾಡದ ಸ್ಟಾಂಪು ತೆರಿಗೆ!

1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ 'ಬೂಸಾ' ಮಾತಿಗೆ ಹಾಸ್ಟೆಲ್ ಹುಡುಗರು ಏಟು ತಿಂದರು. ನಮ್ಮ ಮಾತು ನಮ್ಮ ಕೈಯಲ್ಲೇ ಅಚ್ಚಾಗಬೇಕು ಅನ್ನೋ ಹಸಿವು ಆ ಕಾಲದ್ದು. 'ಪಂಚಮ' ಪತ್ರಿಕೆ ಬಂದದ್ದು ಆ ಹಸಿವಿನಿಂದ.

ಇವತ್ತು ಸುದ್ದಿ ಮೊಬೈಲಿನಲ್ಲಿ ಪುಕ್ಕಟೆ ಬರುತ್ತೆ. ಪುಕ್ಕಟೆ ಅಂದಾಗಲೇ ಕೇಳಬೇಕು: ಇದಕ್ಕೆ ಕಾಸು ಹಾಕಿದವರು ಯಾರು? ನಮ್ಮ ಕೇರಿ ಇದರಲ್ಲಿ ಯಾಕಿಲ್ಲ?

ಬರೀ ಕೇಳಿದರೆ ಸಾಲದು, ಬರೀಬೇಕು. ಹಾಸ್ಟೆಲಿನಲ್ಲಿ ಒಂದು ಗೋಡೆಪತ್ರಿಕೆ ಹಾಕೋಣ. ಊರಿಗೆ ಹೋದಾಗ ನೀರಿಗೆ ತಡೆ ಆಯಿತೇ, ಕೂಲಿ ಕೊಡಲಿಲ್ಲವೇ, ಬರೆದುಕೊಳ್ಳೋಣ. ಯಾವ ದಿನ, ಯಾವ ಜಾಗ, ಕಂಡವರು ಯಾರು, ಎದುರಿನವರು ಏನಂದರು. ಕೇಳಿದ್ದನ್ನ ಕಂಡೆ ಅಂತ ಬರೀಬೇಡಿ. ಒಂದು ಸುಳ್ಳು ಸಿಕ್ಕರೆ ನಮ್ಮ ನೂರು ನಿಜವನ್ನೂ ಕಸದ ಬುಟ್ಟಿಗೆ ಹಾಕೋಕೆ ಜನ ಕಾಯ್ತಾ ಕೂತಿದಾರೆ.