ಮನೆಯಲ್ಲೇ ಓದುವ ಮಕ್ಕಳು ಮತ್ತು ಕಾಲೇಜಿನ ಬಾಗಿಲು



ಮಗನನ್ನೋ ಮಗಳನ್ನೋ ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಿರುವ ಕನ್ನಡದ ಮನೆಗಳು ನಮ್ಮ ಮಹಾನಗರಗಳಲ್ಲಿ ಅಲ್ಲೊಂದು ಇಲ್ಲೊಂದು ಇವೆ. ಕಾರಣಗಳು ಹಲವು. ಪದೇ ಪದೇ ವರ್ಗವಾಗುವ ನೌಕರಿ, ಮಗುವಿನ ಆರೋಗ್ಯ, ಸಂಗೀತ, ಟೆನಿಸ್ಸು, ಏರುತ್ತಲೇ ಹೋದ ಶುಲ್ಕ, ಇಲ್ಲವೇ ಶಾಲೆ ಎಂದರೆ ಸಾಕು ಮಗು ಬಾಡಿಹೋಗುತ್ತಿತ್ತು ಎನ್ನುವ ಸರಳ ಸಂಗತಿ. ಆ ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆ ಇವತ್ತು ಬೇಡ. ಅದನ್ನು ಊರಿನಿಂದ ಬಂದ ಅಜ್ಜಿ, ತಾತ, ಸೋದರಮಾವಂದಿರು ಈಗಾಗಲೇ ಸಾಕಷ್ಟು ಮಾಡಿ ಮುಗಿಸಿರುತ್ತಾರೆ.

ನಾನು ಮಾತಾಡಬೇಕೆಂದಿರುವುದು ಮಗುವಿಗೆ ಹದಿಮೂರು, ಹದಿನಾಲ್ಕು ತುಂಬುವಾಗ ಬರುವ ಪ್ರಶ್ನೆಯ ಬಗ್ಗೆ. ಅಲ್ಲಿಯವರೆಗೆ ಓದು ನಿಮ್ಮ ಮನೆಯ ವಿಷಯ. ಆಮೇಲೆ ಕಾಲೇಜಿನ ಕೌಂಟರಿನ ಆಚೆ ಕುಳಿತವರು ಕೇಳುವುದು ಎರಡೇ ಕಾಗದ: ಹತ್ತನೆಯದು, ಹನ್ನೆರಡನೆಯದು. ಮಗು ಎಷ್ಟು ಪುಸ್ತಕ ಓದಿದೆ, ಎಷ್ಟು ಚೆನ್ನಾಗಿ ಯೋಚಿಸುತ್ತದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಮುಂಬೈ ಕೇಳುಗರಿಗೆ ಮಾಳವಿಕಾ ರಾಜ್ ಜೋಶಿಯ ಹೆಸರು ನೆನಪಿರಬಹುದು. ಶಾಲೆ ಬಿಟ್ಟು ಮನೆಯಲ್ಲೇ ಓದಿದ ಈ ಹುಡುಗಿ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡಿನಲ್ಲಿ ಮೂರು ಪದಕ ಗೆದ್ದಳು, ಎರಡು ಬೆಳ್ಳಿ, ಒಂದು ಕಂಚು. ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಇಲ್ಲದ್ದರಿಂದ ಐಐಟಿಯಲ್ಲಿ ಅವಳಿಗೆ ಜಾಗವಿರಲಿಲ್ಲ. ಚೆನ್ನೈನ ಗಣಿತ ಸಂಸ್ಥೆ ಸಿಎಂಐ ಅವಳಿಗೆ ತನ್ನ ತರಗತಿಗಳ ಬಾಗಿಲು ತೆರೆಯಿತು. 2016ರಲ್ಲಿ ಅಮೆರಿಕದ ಎಂಐಟಿ ಪ್ರವೇಶ ಕೊಟ್ಟಿತು. ಪತ್ರಿಕೆಗಳೆಲ್ಲ ಸಂಭ್ರಮದಿಂದ ಬರೆದವು, ಸಂಭ್ರಮ ನ್ಯಾಯವೇ. ಆದರೆ ಒಲಿಂಪಿಯಾಡ್ ಪದಕ ಎಲ್ಲರ ಮನೆಯ ಗೋಡೆಯಲ್ಲೂ ತೂಗುವುದಿಲ್ಲ. ಪದಕವಿಲ್ಲದ, ಆದರೆ ಚುರುಕಾದ ಹುಡುಗ ಹುಡುಗಿಯರಿಗೆ ಆ ಎರಡು ಕಾಗದ ಬೇಕೇ ಬೇಕು.

ಅದಕ್ಕೆ ಹೆಚ್ಚಿನವರು ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಎನ್‌ಐಓಎಸ್. 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಎಂದು ಶುರುವಾದದ್ದು 2002ರಲ್ಲಿ ಈಗಿನ ಹೆಸರು ಪಡೆಯಿತು. ಕೇಂದ್ರ ಸರ್ಕಾರದ್ದೇ ಮಂಡಳಿ. ಹತ್ತಕ್ಕೆ ಸೇರಲು ಹದಿನಾಲ್ಕು ವರ್ಷ, ಹನ್ನೆರಡಕ್ಕೆ ಹದಿನೈದು ವರ್ಷ ತುಂಬಿರಬೇಕು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಕನಿಷ್ಠ ಒಂದು ಭಾಷೆ, ಹೆಚ್ಚೆಂದರೆ ಎರಡು. ಪಾಸಿಗೆ ನೂರಕ್ಕೆ ಮೂವತ್ಮೂರು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಊರ್ಜಿತ. ಒಂದೊಂದೇ ವಿಷಯ ಬರೆದು ಮುಗಿಸಬಹುದು.

ಒಂದೊಂದೇ ಬರೆಯಬಹುದು ಎನ್ನುವುದೇ ದೊಡ್ಡ ಸೌಲಭ್ಯ, ಎಡವುವ ಜಾಗವೂ ಅದೇ. ಈ ಅಕ್ಟೋಬರಿನಲ್ಲಿ ರಸಾಯನಶಾಸ್ತ್ರ, ಬರುವ ಏಪ್ರಿಲಿನಲ್ಲಿ ಭೌತಶಾಸ್ತ್ರ, ಗಣಿತ ಇನ್ನೊಂದು ವರ್ಷಕ್ಕೆ ಎಂದು ಹಗುರವಾಗಿ ಹಂಚಿಕೊಂಡರೆ ಮಗುವಿಗೆ ಆರಾಮ. ಆದರೆ ಐಐಟಿಯ ಜೆಇಇ ಅಡ್ವಾನ್ಸ್ಡ್ ಬರೆಯಲು ಸಿಗುವುದು ಎರಡೇ ಅವಕಾಶ: ಹನ್ನೆರಡನೆಯದಕ್ಕೆ ಮೊದಲ ಬಾರಿ ಕುಳಿತ ವರ್ಷ ಮತ್ತು ಅದರ ಮರುವರ್ಷ. ಬಿಡಿಬಿಡಿಯಾಗಿ ಬರೆದ ಮಗುವಿಗೆ ಆ 'ಮೊದಲ ವರ್ಷ' ಯಾವುದು ಎಂದು ತಕರಾರು ಏಳಬಹುದು. ಆದ್ದರಿಂದ ಎಂಜಿನಿಯರಿಂಗ್ ಆಸೆ ಇದ್ದರೆ ಭೌತ, ರಸಾಯನ, ಗಣಿತ ಮೂರನ್ನೂ ಒಂದೇ ಸಲಕ್ಕೆ, ಅದೂ ಏಪ್ರಿಲಿನಲ್ಲೇ ಬರೆಸಿ ಎನ್ನುವುದು ನನ್ನ ಅಭಿಪ್ರಾಯ. ಜೆಇಇ ಮೇನ್ ಕೂಡ ಎನ್‌ಐಓಎಸ್‌ನಿಂದ ಬಂದವರಿಗೆ ಐದು ವಿಷಯ ಇರಲೇಬೇಕೆಂದು ಹೇಳುತ್ತದೆ. ಜೊತೆಗೆ ಐಐಟಿ, ಎನ್‌ಐಟಿಗಳಿಗೆ ಹನ್ನೆರಡರಲ್ಲಿ ಶೇಕಡಾ 75, ಪರಿಶಿಷ್ಟರಿಗೆ 65, ಅಥವಾ ಆ ಮಂಡಳಿಯ ಮೇಲಿನ ಇಪ್ಪತ್ತು ಪರ್ಸೆಂಟೈಲ್ ಒಳಗೆ ಇರಬೇಕು. ಮೂವತ್ಮೂರಕ್ಕೆ ಪಾಸು ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು.

ಹತ್ತು ಮುಗಿದ ಮೇಲೆ ಹನ್ನೆರಡರ ಪ್ರಮಾಣಪತ್ರಕ್ಕೆ ಎರಡು ವರ್ಷದ ಅಂತರ ಬೇಕು ಎಂಬುದೂ ನೆನಪಿರಲಿ. ಮಗು ಬುದ್ಧಿವಂತ, ಒಂದೇ ವರ್ಷಕ್ಕೆ ಎರಡನ್ನೂ ಮುಗಿಸಿಬಿಡೋಣ ಎನ್ನುವವರಿದ್ದಾರೆ. ಆ ಲೆಕ್ಕ ನಡೆಯುವುದಿಲ್ಲ.

ವೈದ್ಯಕೀಯದ ಕಥೆ ಬೇರೆ. 2018ರಲ್ಲಿ ಅಂದಿನ ವೈದ್ಯಕೀಯ ಮಂಡಳಿ ಮುಕ್ತ ಶಾಲೆಯವರಿಗೆ ನೀಟ್ ಬಾಗಿಲನ್ನೇ ಮುಚ್ಚಿತ್ತು. ದೆಹಲಿ ಹೈಕೋರ್ಟು ಅದೇ ವರ್ಷ ಆ ನಿಯಮವನ್ನು ತಳ್ಳಿಹಾಕಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2024ರಲ್ಲಿ ಮಕ್ಕಳ ಪರವಾಗಿ ಮುಗಿಯಿತು. ನಡುವಿನ ಆರು ವರ್ಷ ಎಷ್ಟೋ ಮನೆಗಳು ಉಸಿರು ಬಿಗಿಹಿಡಿದು ಕೂತಿದ್ದವು. ಈಗ ದಾರಿ ತೆರೆದಿದೆ, ಆದರೆ ಭೌತ, ರಸಾಯನ, ಜೀವಶಾಸ್ತ್ರದ ಜೊತೆಗೆ ಇಂಗ್ಲಿಷಿನಲ್ಲೂ ಪಾಸಾಗಿರಬೇಕು. 'ಇಂಗ್ಲಿಷ್ ಮನೆಯಲ್ಲೇ ಬರುತ್ತದೆ, ಇನ್ನೊಂದು ಸುಲಭದ ವಿಷಯ ತಗೋ' ಎಂದು ಐದನೆಯ ಜಾಗಕ್ಕೆ ಡೇಟಾ ಎಂಟ್ರಿ ಬರೆಸಿಬಿಟ್ಟರೆ ಡಾಕ್ಟರಾಗುವ ಕನಸಿಗೆ ಅಡ್ಡಿಯಾಗುತ್ತದೆ. ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೇರೆಯಾಗಿಯೇ ಪಾಸಾಗಬೇಕು. ಅಡುಗೆಮನೆಯಲ್ಲಿ ಅಡಿಗೆ ಸೋಡಾ, ನಿಂಬೆಹಣ್ಣಿನ ಪ್ರಯೋಗ ಮಾಡಿದ ಮಗುವಿಗೆ ಬ್ಯೂರೆಟ್ಟು ಹಿಡಿಯುವ ಅಭ್ಯಾಸ ಇರುವುದಿಲ್ಲ. ಅಧ್ಯಯನ ಕೇಂದ್ರದ ಸಂಪರ್ಕ ತರಗತಿಗಳಿಗೆ ತಪ್ಪದೆ ಕಳಿಸಿ. ಟಿಎಂಎ ಎಂಬ ಮನೆಬರಹಕ್ಕೂ ನೂರಕ್ಕೆ ಇಪ್ಪತ್ತರ ತೂಕ ಇದೆ, ಅದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಇನ್ನು ಗಣಿತ. ಗಣಿತ ಬಿಡಬೇಕೆಂದು ಮಗು ಅಳುತ್ತದೆ, ನೀವೂ ಕರಗುತ್ತೀರಿ. ಬಿಡುವ ಮೊದಲು ಒಂದು ವಾರ ಕೂತು ಯೋಚಿಸಿ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಗಣಿತ ಬೇಕು. ವಾಸ್ತುಶಿಲ್ಪಕ್ಕೆ ಬೇಕು. ಎನ್‌ಡಿಎಯ ವಾಯುಪಡೆ, ನೌಕಾಪಡೆಗೆ ಭೌತಶಾಸ್ತ್ರದ ಜೊತೆ ಬೇಕು. ಐಐಟಿ ಮದ್ರಾಸ್ 2020ರಲ್ಲಿ ಶುರುಮಾಡಿದ ಆನ್‌ಲೈನ್ ಡೇಟಾ ಸೈನ್ಸ್ ಪದವಿಗೆ ಹತ್ತನೆಯ ತರಗತಿಯಲ್ಲೇ ಗಣಿತ, ಇಂಗ್ಲಿಷ್ ಓದಿರಬೇಕು. ಕಾನೂನು ಓದಲು ಕ್ಲಾಟ್ ಬರೆಯುವವರಿಗೆ, ವಿನ್ಯಾಸದ ಕಡೆ ಹೋಗುವವರಿಗೆ ಈ ಕಟ್ಟಿಲ್ಲ. 2022ರಿಂದ ಬಂದ ಸಿಯುಇಟಿಯಲ್ಲಿ ಈಗ ಐದು ವಿಷಯದವರೆಗೆ ಆರಿಸಬಹುದು. ಆದರೆ ಯಾವ ವಿಶ್ವವಿದ್ಯಾಲಯಕ್ಕೆ ಯಾವ ವಿಷಯ ಎಂಬುದು ಅವರವರ ಕೈಪಿಡಿಯಲ್ಲಿರುತ್ತದೆ, ವರ್ಷ ವರ್ಷ ಬದಲಾಗುತ್ತದೆ. ಮಗು ಒಂಬತ್ತನೆಯ ವಯೋಮಾನದಲ್ಲಿರುವಾಗಲೇ ಮೂರು ಕೈಪಿಡಿ ಇಳಿಸಿಕೊಂಡು ಕೆಂಪು ಪೆನ್ಸಿಲ್ ಹಿಡಿದು ಒಟ್ಟಿಗೆ ಕೂತು ಓದಿ. ಒಟ್ಟಿಗೆ ಎಂದರೆ ಮಗುವೂ ಪಕ್ಕದಲ್ಲಿ ಕೂತು. ಓದಬೇಕಾದವರು ಅವರಲ್ಲವೇ.

ಹಣವಿದ್ದವರು ಕೇಂಬ್ರಿಜ್‌ನ ಐಜಿಸಿಎಸ್‌ಇ, ಎ ಲೆವೆಲ್ ಖಾಸಗಿಯಾಗಿ ಬರೆಸುತ್ತಾರೆ. ಪಠ್ಯ ಚೆನ್ನಾಗಿದೆ, ಖರ್ಚು ಭಾರಿ. ಇಲ್ಲಿನ ಕಾಲೇಜಿಗೆ ಬರುವುದಾದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಸಮಾನತೆಯ ನಿಯಮ ನೋಡಿಯೇ ವಿಷಯ ಆರಿಸಿ.

ಈಗ ನಮ್ಮದೇ ಮಾತು. ಎನ್‌ಐಓಎಸ್‌ನ ಹತ್ತನೆಯ ತರಗತಿಯಲ್ಲಿ ಕನ್ನಡ ಒಂದು ವಿಷಯವಾಗಿ ಇದೆ, ಸಂಕೇತ ಸಂಖ್ಯೆ 208. ಮನೆಯಲ್ಲಿ ಕನ್ನಡ ಆಡುತ್ತ, ಓದಲು ಬರೆಯಲು ಬಾರದ ಮಕ್ಕಳು ನಮ್ಮ ನಡುವೆ ತುಂಬ ಇದ್ದಾರೆ. ಶಾಲೆಯ ಗಂಟೆ ಇಲ್ಲದ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಒತ್ತಕ್ಷರಕ್ಕೆ ಸಿಕ್ಕೇ ಸಿಗುತ್ತದೆ. ಇದರಲ್ಲಿ ಭಾವನೆ ಮಾತ್ರವಲ್ಲ, ಲೆಕ್ಕಾಚಾರವೂ ಇದೆ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯವಾಗಿ ರಾಜ್ಯದಲ್ಲಿ ಏಳು ವರ್ಷ ಓದಿರಬೇಕು. ಹಾಗೆ ಓದದ ನಮ್ಮಂಥವರ ಮಕ್ಕಳಿಗೆ ಹೊರನಾಡು ಕನ್ನಡಿಗ, ಗಡಿನಾಡು ಕನ್ನಡಿಗ ಎಂಬ ಅರ್ಹತೆಯ ಬಾಗಿಲುಗಳಿವೆ. ಅದರ ಮೂಲಕ ಬರುವವರಿಗೆ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. 'ಊಟ ಆಯ್ತಾ' ಅಂದರೆ ಸಾಲದು, ಓದಿ ಬರೆಯಬೇಕು. ಎಂಜಿನಿಯರಿಂಗ್ ಶ್ರೇಣಿಗೆ ಹನ್ನೆರಡನೆಯ ಅಂಕವೂ ಅರ್ಧಪಾಲು ಸೇರುತ್ತದೆ.

ಈ ಅರ್ಹತೆಗೆ ಯಾವ ವರ್ಷ ಎಲ್ಲಿ ಓದಿದಿರಿ ಎಂಬ ದಾಖಲೆ ಕೇಳುತ್ತಾರೆ. ಮನೆಯಲ್ಲಿ ಓದಿದ ವರ್ಷಗಳಿಗೆ ಮುಖ್ಯೋಪಾಧ್ಯಾಯರ ಸಹಿ ಎಲ್ಲಿಂದ ಬರಬೇಕು? ಆದ್ದರಿಂದ ಪ್ರಾಧಿಕಾರಕ್ಕೆ ಮುಂಚಿತವಾಗಿಯೇ ಬರೆದು ಕೇಳಿ, ಲಿಖಿತ ಉತ್ತರ ಇಟ್ಟುಕೊಳ್ಳಿ. ಚಿಕ್ಕ ತರಗತಿಗಳ ಟಿಸಿ, ವ್ಯಾಸಂಗ ಪ್ರಮಾಣಪತ್ರಗಳನ್ನು ಎಸೆಯಬೇಡಿ. ಹೆಸರಿನ ವಿಷಯವೂ ಅಷ್ಟೆ. ಊರ ಹೆಸರು, ತಂದೆಯ ಹೆಸರು ಸೇರಿ ನಮ್ಮಲ್ಲಿ ಎರಡು ಇನಿಷಿಯಲ್ಲು. ಇಲ್ಲಿನ ಫಾರ್ಮಿನಲ್ಲಿ ಸರ್‌ನೇಮ್ ಕಾಲಂ ಕಂಡು ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಊರು ತುಂಬಿಬಿಡುತ್ತೇವೆ. ಜನನ ಪ್ರಮಾಣಪತ್ರ, ಆಧಾರ್, ಎನ್‌ಐಓಎಸ್ ಮೂರರಲ್ಲೂ ಕಾಗುಣಿತ ಒಂದೇ ಇರಲಿ. ಹತ್ತನೆಯ ಅಂಕಪಟ್ಟಿಯಲ್ಲಿ ಬಂದ ಹೆಸರೇ ಮುಂದೆ ಎಲ್ಲ ಕಡೆಗೂ ಹೋಗುತ್ತದೆ.

ಬರುವ ಏಪ್ರಿಲಿನ ಪರೀಕ್ಷೆಗೆ ಕೂರಿಸಬೇಕೆಂದರೆ ಪ್ರವೇಶ ಹಿಂದಿನ ವರ್ಷದ ಬೇಸಿಗೆಯಲ್ಲೇ ಶುರುವಾಗಿರುತ್ತದೆ. ಅಕ್ಟೋಬರಿನದಕ್ಕೆ ಅದರ ಹಿಂದಿನ ಸೆಪ್ಟೆಂಬರಿನಲ್ಲಿ. ದಂಡ ಶುಲ್ಕದ ದಿನಗಳಿಗೆ ಕಾಯದೆ, ನಿಮ್ಮ ಊರಿನ ಪ್ರಾದೇಶಿಕ ಕೇಂದ್ರಕ್ಕೆ ಒಂದು ಬೆಳಿಗ್ಗೆ ಮಗುವನ್ನೂ ಕರೆದುಕೊಂಡು ಹೋಗಿಬನ್ನಿ.