ಮೂಟೆಗೆ ಸಹಾಯಧನ, ಮಣ್ಣಿಗೆ ಯಾವಾಗ?

(ಮಂಚೇನಹಳ್ಳಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ ಮತ್ತು ಸಾಲದ ಮಾತು ಪ್ರತಿ ಸಭೆಯಲ್ಲೂ ಆಡ್ತೀವಿ. ಇವತ್ತು ಅವೆರಡರ ಬುಡದಲ್ಲಿರೋ ಮಣ್ಣಿನ ಮಾತು ಆಡೋಣ. ರೈತನ ಹೆಸರಲ್ಲಿ ಸರ್ಕಾರ ಕೊಡೋ ಸಹಾಯಧನ ನಮ್ಮ ಹೊಲದ ಮಣ್ಣಿಗೆ ಸೇರ್ತಾ ಇದೆಯೇ? ಲೆಕ್ಕ ಹಾಕಿ ನೋಡಿ.

45 ಕಿಲೋ ಯೂರಿಯಾ ಮೂಟೆ ನಮಗೆ ಸುಮಾರು 266 ರೂಪಾಯಿಗೆ ಸಿಗುತ್ತೆ. ಅದರ ನಿಜವಾದ ಬೆಲೆಯ ಬಹುಪಾಲನ್ನು ಕೇಂದ್ರ ಸರ್ಕಾರ ಕಂಪನಿಗೆ ತುಂಬಿಕೊಡುತ್ತೆ. ಮೂಟೆಯಲ್ಲಿರೋ ಸಾರಜನಕ ಸುಮಾರು 20 ಕಿಲೋ. ಅಷ್ಟನ್ನೇ ಕೊಟ್ಟಿಗೆ ಗೊಬ್ಬರದಿಂದ ಕೊಡಬೇಕಾದರೆ 4 ಟನ್ ಬೇಕು. ಗೊಬ್ಬರ ಕೊಂಡು, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು, ಆಳಿಟ್ಟು ಹರಡಿಸೋಕೆ ಸಾವಿರಾರು ರೂಪಾಯಿ. ಅದೆಲ್ಲ ನಮ್ಮ ಕೈಯಿಂದಲೇ. ಹೀಗಿರುವಾಗ ರೈತ ಮೂಟೆಯನ್ನೇ ಹೊತ್ತು ತಂದರೆ ಅದು ಅವನ ದಡ್ಡತನವಲ್ಲ. ಸರ್ಕಾರ ಕಟ್ಟಿದ ಬೆಲೆಯ ಫಲ.

ಆದರೆ ಮೂಟೆಯಲ್ಲಿ ಸಾವಯವ ಇಂಗಾಲ ಇರೋದಿಲ್ಲ. ಮಣ್ಣಲ್ಲಿ ಅದು ನೂರಕ್ಕೆ ಅರ್ಧ ಪಾಲಿಗಿಂತ ಇಳಿದರೆ ಪರೀಕ್ಷೆಯವರು 'ಕಡಿಮೆ' ಅಂತ ಬರೀತಾರೆ. ಇಂಗಾಲ ಇಳಿದ ಕೆಂಪು ಮಣ್ಣು ಮಳೆ ನೀರು ಹಿಡಿಯೋಲ್ಲ, ಹಾಕಿದ ಗೊಬ್ಬರವನ್ನೂ ಹಿಡಿಯೋಲ್ಲ. ಮುಂದಿನ ವರ್ಷ ಇನ್ನೊಂದು ಮೂಟೆ, ಅಂಗಡಿಯಲ್ಲಿ ಇನ್ನಷ್ಟು ಸಾಲ. ಮಳೆಯಾಶ್ರಿತ ರಾಗಿಗೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಹಾಕಿ ಅಂತ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೇಳುತ್ತೆ. ಮೂರೆಕರೆ ರೈತ 9 ಟನ್ ಎಲ್ಲಿಂದ ತರಬೇಕು ಸ್ವಾಮಿ?

ಯೋಜನೆಗಳೇ ಇಲ್ಲ ಅಂತಲ್ಲ. 2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯ ಜೊತೆ 'ಭೂಚೇತನ' ತಂದು, ಮಣ್ಣು ಪರೀಕ್ಷೆ ಮಾಡಿಸಿ, ಸತು, ಬೋರಾನ್, ಜಿಪ್ಸಂ ಅರ್ಧ ಬೆಲೆಗೆ ಕೊಟ್ಟಿತು. ಒಳ್ಳೆಯ ಕೆಲಸ. 2015ರಲ್ಲಿ ಕೇಂದ್ರದಿಂದ ಮಣ್ಣು ಆರೋಗ್ಯ ಚೀಟಿ ಬಂತು. ಆದರೆ ಶುರುವಿನಲ್ಲಿ ಖುಷ್ಕಿಗೆ 10 ಹೆಕ್ಟೇರಿಗೊಂದು ಮಾದರಿ! ಅಂದರೆ 25 ಎಕರೆ. ಕೆರೆ ಕೆಳಗಿನ ಗದ್ದೆ ಮಣ್ಣೂ ದಿಣ್ಣೆ ಮೇಲಿನ ಗರಸೂ ಒಂದೇನಾ?

ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ಮೂರು ವರ್ಷಕ್ಕೆ ಹೆಕ್ಟೇರಿಗೆ 31,500 ರೂಪಾಯಿ ಗೊತ್ತು ಮಾಡಿದರು. ರೈತನ ಖಾತೆಗೆ ಬರೋದು 15,000. ಎಕರೆಗೆ ವರ್ಷಕ್ಕೆ ಸುಮಾರು 2,000 ಆಯಿತು. ಅದೂ ಗುಂಪು ಕಟ್ಟಿ, ರಾಸಾಯನಿಕ ಪೂರ್ತಿ ಬಿಟ್ಟವರಿಗೆ. ತಿಪ್ಪೆ ಗೊಬ್ಬರ ಹೆಚ್ಚಿಸಿ ಒಂದು ಮೂಟೆ ಕಡಿಮೆ ಮಾಡ್ತೀನಿ ಅನ್ನೋ ಸಾಮಾನ್ಯ ರೈತ ಆ ಲೆಕ್ಕಕ್ಕೆ ಬರೋದಿಲ್ಲ. ಅಮೆರಿಕದಲ್ಲಿ 1996ರ ಕಾಯ್ದೆಯಿಂದ ಬಂದ ಒಂದು ಯೋಜನೆಯಡಿ, ಮಣ್ಣು ಕಾಯೋ ಹೊದಿಕೆ ಬೆಳೆ ಬಿತ್ತೋ ರೈತನ ಖರ್ಚಿನಲ್ಲಿ ಸರ್ಕಾರ ಪಾಲು ಕೊಡುತ್ತೆ. ಅಲ್ಲಿ ಆಗೋದು ಇಲ್ಲಿ ಯಾಕೆ ಆಗಬಾರದು?

ನಮ್ಮ ಬೇಡಿಕೆ ಮೂರು. ಒಂದು, ಮಣ್ಣಿನ ಸಹಾಯಧನ ಎಕರೆ ಲೆಕ್ಕದಲ್ಲಿ ರೈತನ ಖಾತೆಗೇ ಬರಲಿ. ಕೊಟ್ಟಿಗೆ ಗೊಬ್ಬರವೋ, ಕೆರೆ ಗೋಡೋ, ಹಸಿರೆಲೆ ಗೊಬ್ಬರವೋ, ಆಯ್ಕೆ ಅವನದಾಗಲಿ. ಗುತ್ತಿಗೆಗೆ ಉಳೋರಿಗೂ ಸಿಗಲಿ. ಎರಡು, ಸರ್ವೆ ನಂಬರಿಗೊಂದು ಪರೀಕ್ಷೆ ಆಗಿ, ಬಿತ್ತನೆಗೆ ಮುಂಚೆ ಚೀಟಿ ಕೈ ಸೇರಲಿ. ಮೂರು, ಬೆಂಬಲ ಬೆಲೆ ಕಟ್ಟುವಾಗ ಮಣ್ಣು ಉಳಿಸೋ ಖರ್ಚನ್ನು ಪೂರ್ತಿ ಸೇರಿಸಲಿ.

ಅಲ್ಲೀವರೆಗೆ ಕೈಕಟ್ಟಿ ಕೂರೋದು ಬೇಡ. ಮೊದಲ ಹದಕ್ಕೇ ಸೆಣಬು ಚೆಲ್ಲಿ, ಹೂ ಬರೋ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಚೀಟಿ ಕೇಳಿ, ಯೋಜನೆ ಕೇಳಿ. ಇಲ್ಲ ಅಂದರೆ ಬರೆದುಕೊಡಿ ಅನ್ನಿ. ಗೌರಿಬಿದನೂರಿನ ಹೋಬಳಿಯಾಗಿದ್ದ ಮಂಚೇನಹಳ್ಳಿ ಈಗ ತಾಲ್ಲೂಕು. ಅರ್ಜಿ ಹಿಡಿದು ದೂರ ಹೋಗಬೇಕಿಲ್ಲ, ಒಬ್ಬೊಬ್ಬರೇ ಹೋಗಲೂ ಬೇಕಿಲ್ಲ. ಊರೂರಿಂದ ಒಟ್ಟಾಗಿ ಬನ್ನಿ.